ಚೀಟಿಯ ಕೊನೆಯ ಸಾಲು

ಆ ಗಂಡಹೆಂಡಿರನ್ನು ನಾನು ಮೊದಲು ಕಂಡದ್ದು ಅವರ ಬಿಸ್ಕತ್ತಿನ ಅಂಗಡಿಯಲ್ಲಿ. ಕಾಣುವುದಕ್ಕೆ ಮೊದಲೇ ಕೇಳಿಸಿಕೊಂಡೆ ಎನ್ನುವುದು ಹೆಚ್ಚು ಸರಿ.

ಮರುದಿನ ನನ್ನ ಮೊಮ್ಮಗಳ ಹುಟ್ಟುಹಬ್ಬ. ಕಡಲೆಕಾಯಿ ಆ ಮಗುವಿಗೆ ಆಗದು. ಒಂದು ಚೂರು ಒಳಗೆ ಹೋದರೂ ತುಟಿ ಊದಿ, ಉಸಿರು ಕಟ್ಟುತ್ತದೆ. ಒಮ್ಮೆ ಅವಳನ್ನೆತ್ತಿಕೊಂಡು ಆಸ್ಪತ್ರೆಗೆ ಓಡಿದ್ದೂ ಆಗಿತ್ತು. ಹಾಗಾಗಿ ಏಳು ವರ್ಷದಲ್ಲಿ ಅವಳು ಅಂಗಡಿಯ ಬಿಸ್ಕತ್ತನ್ನು ತಿಂದವಳೇ ಅಲ್ಲ. ಈ ಸಲ ಏನು ಬೇಕೆಂದು ಕೇಳಿದರೆ ಅದನ್ನೇ ಕೇಳಿದ್ದಳು.

ಅಂಗಡಿಯ ಹಿಂಭಾಗದಿಂದ ಬೆಣ್ಣೆಯ ಘಮದ ಜೊತೆಗೆ ಜಗಳವೂ ತೇಲಿ ಬರುತ್ತಿತ್ತು.

ಹೆಂಡತಿ: ರೀ, ಚೀಟಿ ಅಂಟಿಸ್ತಿದ್ದೀರೋ, ಕಾದಂಬರಿ ಬರೀತಿದ್ದೀರೋ? ಬಿಸ್ಕತ್ತಿಗಿಂತ ಚೀಟಿನೇ ದೊಡ್ಡದಾಯ್ತಲ್ಲ!

ಗಂಡ: ನಿಯಮ ಕಣೇ. ಒಳಗೆ ಇರೋದೆಲ್ಲ ಹೊರಗೆ ಬರೆದಿರಬೇಕು.

ಹೆಂಡತಿ: ಈ ನಿಯಮ ಮದುವೆಗೆ ಮುಂಚೆ ಇರಬೇಕಿತ್ತು. ನಿಮ್ಮ ಹಣೆ ಓದ್ಕೊಂಡೇ ಒಪ್ಪಿಕೊಳ್ತಿದ್ದೆ.

ನಾನು ಕೆಮ್ಮಿದೆ. ಇಬ್ಬರೂ ಹೊರಗೆ ಬಂದರು. ಆಕೆಯ ಮೊಣಕೈವರೆಗೂ ಹಿಟ್ಟು. ಆತನ ಕಿವಿಯ ಮೇಲೆ ಕೆಂಪು ಪೆನ್ಸಿಲ್ಲು. ಮುದ್ರಣಾಲಯದಲ್ಲಿ ಮೂವತ್ತು ವರ್ಷ ಕರಡು ತಿದ್ದಿ ನಿವೃತ್ತರಾದವರಂತೆ. ಬೇಯಿಸುವುದು ಹೆಂಡತಿ, ಪೊಟ್ಟಣ ಕಟ್ಟಿ ಚೀಟಿ ಅಂಟಿಸುವುದು ಗಂಡ.

ನಾನು: ನಾನೊಬ್ಬ ನಿವೃತ್ತ ಮೇಷ್ಟ್ರು ತಾಯಿ. ನನ್ನ ಏಳು ವರ್ಷದ ಮೊಮ್ಮಗಳಿಗೆ ಕಡಲೆಕಾಯಿ ಅಲರ್ಜಿ. ನಿಮ್ಮ ಬಿಸ್ಕತ್ತಿನಲ್ಲಿ...

ಹೆಂಡತಿ: ಗೋಧಿಹಿಟ್ಟು, ಬೆಣ್ಣೆ, ಸಕ್ಕರೆ, ಹಾಲು. ಐದನೇದು ಇಲ್ಲ. ಇವರಿಗೆ ಎದೆಯುರಿ ಅಂತ ಡಾಕ್ಟ್ರು ಬೇಡ ಅಂದಾಗಿನಿಂದ, ಮೂರು ವರ್ಷ ಆಯ್ತು, ಈ ಮನೆಗೆ ನಾನು ಒಂದು ಕಡಲೆಕಾಯೀನೂ ತಂದಿಲ್ಲ. ಧೈರ್ಯವಾಗಿ ತಗೊಂಡು ಹೋಗಿ!

ಪೊಟ್ಟಣವನ್ನು ನನ್ನ ಕೈಗಿಟ್ಟೇಬಿಟ್ಟರು. ಗಂಡ ಕಿವಿಯ ಪೆನ್ಸಿಲ್ಲು ತೆಗೆದು ಮತ್ತೆ ಕಿವಿಗೇ ಸಿಕ್ಕಿಸಿಕೊಂಡರು.

ಗಂಡ: ಮೇಷ್ಟ್ರೇ, ಅದು... ಚೀಟಿ ಸ್ವಲ್ಪ ಓದಿ.

ಹೆಂಡತಿ: ನಾನು ಹೇಳ್ತಿಲ್ವಾ? ಅದನ್ನ ಬೇರೆ ಓದಬೇಕಾ?

ಗಂಡ: ಪೂರ್ತಿ ಓದಿ. ಕೊನೇ ಸಾಲಿನವರೆಗೂ.

ಕನ್ನಡಕ ಒರೆಸಿಕೊಂಡೆ. ಮೇಲಿನ ಅಕ್ಷರಗಳು ದಪ್ಪಗಿದ್ದವು: ‘ಗೋಧಿ ಮತ್ತು ಹಾಲಿನ ಅಂಶಗಳಿವೆ.’ ಕೊನೆಯ ಸಾಲು ಮಾತ್ರ ಇರುವೆಗಳು ಮೆರವಣಿಗೆ ಹೊರಟಂತಿತ್ತು. ತರಗತಿಯಲ್ಲಿ ಓದಿದ ಹಾಗೆ ಗಟ್ಟಿಯಾಗಿ ಓದಿದೆ:

ನಾನು: ‘ಕಡಲೆಕಾಯಿಯ ಕಣಗಳು ಇರುವ ಸಾಧ್ಯತೆಯಿದೆ.’

ಹೆಂಡತಿ: ಏನಂದ್ರಿ? ನನ್ನ ಅಡುಗೆಮನೇಲಿ?

ಗಂಡ: ದೊಡ್ಡ ದೊಡ್ಡ ಕಂಪನಿಯವರೂ ಬರೀತಾರೆ ಕಣೇ.

ಹೆಂಡತಿ: ಅವರು ಒಂದೇ ಯಂತ್ರದಲ್ಲಿ ಎಲ್ಲಾ ಮಾಡ್ತಾರೆ, ಬರೀತಾರೆ. ನನ್ನ ಹತ್ರ ಯಾವ ಯಂತ್ರ ಇದೆ? ಇವೆರಡು ಕೈ! ಇವು ಗಲೀಜಾ?

ಗಂಡ: ಛೆ ಛೆ, ನಿನ್ನ ಕೈ ಬಂಗಾರ.

ಹೆಂಡತಿ: ಹಾಗಾದ್ರೆ ಹಿಟ್ಟಿನ ಗಿರಣಿಯವನದೇ ಕೆಲಸ. ಕಡಲೆಕಾಯಿ ಪುಡಿ ಬೆರೆಸ್ತಾನಾ? ಇರಿ, ಈಗಲೇ ಫೋನ್ ಮಾಡಿ ಮಾನ ಕಳೀತೀನಿ.

ಗಂಡ: ಬೇಡ್ವೇ! ಪಾಪ, ಅವನದೇನೂ ತಪ್ಪಿಲ್ಲ.

ಹೆಂಡತಿ: ಬೆಣ್ಣೆಯವಳಾ?

ಗಂಡ: ಅವಳೂ ಅಲ್ಲ.

ಹೆಂಡತಿ: ಅವನಲ್ಲ, ಇವಳಲ್ಲ, ನಾನೂ ಅಲ್ಲ. ಕಡಲೆಕಾಯಿ ರೆಕ್ಕೆ ಕಟ್ಕೊಂಡು ಹಾರಿ ಬಂತಾ?

ಮೇಷ್ಟರ ಅಭ್ಯಾಸ, ತರಗತಿಯಲ್ಲಿ ಯಾರು ಬೆಂಚಿನ ಕೆಳಗೆ ತಿನ್ನುತ್ತಿದ್ದಾರೆಂದು ಮುಖ ನೋಡಿಯೇ ತಿಳಿಯುತ್ತದೆ.

ನಾನು: ಯಜಮಾನರೇ, ಪೊಟ್ಟಣ ಕಟ್ಟುವಾಗ ಮೇಜಿನ ಹತ್ತಿರ ಬೇರೆ ಯಾರಾದರೂ ಇರ್ತಾರೆಯೇ?

ಗಂಡ: ಇಲ್ಲ... ನಾನೊಬ್ಬನೇ.

ಹೆಂಡತಿ: ಜೇಬು ತೋರಿಸಿ.

ಗಂಡ: ಚೀಟಿಗೂ ಜೇಬಿಗೂ ಏನೇ ಸಂಬಂಧ?

ಹೆಂಡತಿ: ತೋರಿಸ್ರೀ!

ಜೇಬನ್ನು ಹೊರಕ್ಕೆ ಮಗುಚಿದರು. ಹುರಿದ ಕಡಲೆಕಾಯಿ ಬೀಜಗಳು ನೆಲಕ್ಕುರುಳಿದವು. ಎರಡು ಕೆಂಪು ಸಿಪ್ಪೆ ಗಾಳಿಯಲ್ಲಿ ತೇಲಿಹೋಗಿ ತಕ್ಕಡಿಯ ತಟ್ಟೆಯ ಮೇಲೆ ಕುಳಿತವು.

ಹೆಂಡತಿ: ಮೂರು ವರ್ಷ! ರಾತ್ರಿಯಾದ್ರೆ ಎದೆಯುರಿ ಅಂತ ನನ್ನ ಕೈಲಿ ಹಾಲು ಕಾಯಿಸ್ಕೊಂಡು ಕುಡೀತಿದ್ರಲ್ಲ! ‘ತಿನ್ನಲ್ಲ ಕಣೇ, ನಿನ್ನಾಣೆ’ ಅಂತಿದ್ರಲ್ಲ!

ಗಂಡ: ಅದು ಬಾಯಲ್ಲಿ ಹೇಳಿದ್ದು. ಇದು ಅಚ್ಚಾಗೋದು. ಬಾಯಿ ಏನಾದ್ರೂ ಅನ್ನುತ್ತೆ. ಅಚ್ಚಿಗೆ ನಾನು ತಪ್ಪು ಬಿಟ್ಟವನಲ್ಲ.

ಹೆಂಡತಿ: ಅಂದ್ರೆ ಊರವರಿಗೆಲ್ಲ ಹೇಳಿದ್ದೀರಿ, ಹೆಂಡತಿ ಒಬ್ಬಳನ್ನ ಬಿಟ್ಟು!

ಗಂಡ: ನಿನ್ನಿಂದ ಏನು ಮುಚ್ಚಿಟ್ಟಿದ್ದೇನೆ? ದಿನಕ್ಕೆ ನೂರು ಪೊಟ್ಟಣ ನಿನ್ನ ಕಣ್ಮುಂದೇನೇ ಹೋಗುತ್ತೆ.

ಹೆಂಡತಿ: ಇರುವೆ ಕಾಲಿನಷ್ಟು ಅಕ್ಷರದಲ್ಲಿ!

ಗಂಡ: ಗಾತ್ರ ಸ್ವಲ್ಪ... ನಿನ್ನ ಕನ್ನಡಕದ ನಂಬರು ನೋಡ್ಕೊಂಡು ಇಟ್ಟಿದ್ದು.

ನನಗೆ ನಗು ತಡೆಯಲಾಗಲಿಲ್ಲ. ಆದರೆ ಆಕೆ ನಗಲಿಲ್ಲ. ನನ್ನ ಕೈಯಲ್ಲಿದ್ದ ಪೊಟ್ಟಣವನ್ನು ಒಮ್ಮೆ ನೋಡಿ, ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡರು.

ಹೆಂಡತಿ: ‘ಧೈರ್ಯವಾಗಿ ತಗೊಂಡು ಹೋಗಿ’ ಅಂದುಬಿಟ್ನಲ್ಲ ಮೇಷ್ಟ್ರೇ. ಏಳು ವರ್ಷದ ಮಗು.

ಗಂಡ: ಅದಕ್ಕೇ ಕಣೇ ಓದಿ ಅಂದದ್ದು.

ಹೆಂಡತಿ: ತಿಂದು ಕೆಡಿಸಿದವರೂ ನೀವೇ, ಬರೆದು ಉಳಿಸಿದವರೂ ನೀವೇ. ನಿಮ್ಮನ್ನ ಬೈಯೋದಾದ್ರೂ ಎಲ್ಲಿಂದ ಶುರು ಮಾಡ್ಲಿ?

ಗಂಡ: ಮೊದಲನೇ ಸಾಲಿನಿಂದ.

ಆ ಹುಟ್ಟುಹಬ್ಬಕ್ಕೆ ನಾನು ಹಣ್ಣು ಕೊಂಡು ಮನೆಗೆ ಹೋದೆ. ಮಗು ಮುಖ ಸಣ್ಣದು ಮಾಡಿಕೊಂಡಿತು.

ತಿಂಗಳು ಕಳೆದ ಮೇಲೆ ಆಕೆಯೇ ಹೇಳಿ ಕಳಿಸಿದರು. ಹಳೆಯ ಮೇಜು, ಡಬ್ಬಗಳೆಲ್ಲ ಹೋಗಿ ಹೊಸವು ಬಂದಿದ್ದವು; ಅಡುಗೆಮನೆಯ ಗೋಡೆಯನ್ನೂ ಬಿಡದೆ ತೊಳೆದಿದ್ದರು. ನನ್ನ ಮಗಳು ಒಂದೊಂದು ಡಬ್ಬವನ್ನೂ ತೆರೆಸಿ ನೋಡಿ, ಅರ್ಧ ಗಂಟೆ ಪ್ರಶ್ನೆ ಕೇಳಿ ಒಪ್ಪಿದಳು. ಮೊಮ್ಮಗಳು ತನ್ನ ಬಾಳಿನ ಮೊದಲ ಅಂಗಡಿ ಬಿಸ್ಕತ್ತನ್ನು ಕಚ್ಚಿ, ಕಣ್ಣು ಮುಚ್ಚಿ, ಬಹಳ ಹೊತ್ತು ಅಗಿದು, “ಇಷ್ಟೇನಾ ತಾತ?” ಎಂದಳು. ಆಮೇಲೆ ಎರಡನೆಯದಕ್ಕೆ ಕೈ ಚಾಚಿದಳು.

ಈಗ ಯಜಮಾನರಿಗೆ ಅಂಗಡಿಯ ಒಳಗೆ ಪ್ರವೇಶವಿಲ್ಲ. ರಸ್ತೆಯ ಆಚೆಬದಿಯ ಕಲ್ಲುಬೆಂಚಿನ ಮೇಲೆ ಕುಳಿತು, ಡಾಕ್ಟರು ಒಪ್ಪಿದ ಲೆಕ್ಕದಂತೆ ದಿನಕ್ಕೆ ಐದೇ ಬೀಜ ತಿನ್ನುತ್ತಾರೆ. ಆದರೆ ಚೀಟಿಯ ಕರಡು ಇಂದಿಗೂ ಅವರದೇ. ಬೆಂಚಿನಿಂದಲೇ ಗಟ್ಟಿಯಾಗಿ ಓದಿ ಹೇಳುತ್ತಾರೆ, ಆಕೆ ಅಂಗಡಿಯ ಬಾಗಿಲಲ್ಲಿ ನಿಂತು ಬರೆದುಕೊಳ್ಳುತ್ತಾರೆ. ಹೊಸ ಚೀಟಿಯ ಕೊನೆಗೆ ದಪ್ಪಕ್ಷರದಲ್ಲಿ ‘ಈ ಬಿಸ್ಕತ್ತನ್ನು ಗಂಡ ಮುಟ್ಟಿಲ್ಲ’ ಎಂದು ಹಾಕಬೇಕೆಂಬುದು ಆಕೆಯ ಹಟ. ಅಚ್ಚಿಗೆ ಹೋಗುವ ಮುನ್ನ ಯಜಮಾನರು ಅದನ್ನು ತಿದ್ದಿಸಿದ್ದಾರೆ. ಮೊನ್ನೆ ತಂದ ಪೊಟ್ಟಣದ ಮೇಲೆ, ಕನ್ನಡಕವಿಲ್ಲದೆಯೂ ಕಾಣುವಂತೆ, ಹೀಗಿದೆ:

‘ಈ ಬಿಸ್ಕತ್ತನ್ನು ಮುಟ್ಟಲು ಗಂಡನಿಗೆ ಬಿಟ್ಟಿಲ್ಲ.’