ಎರಡು ಡಬ್ಬಿ, ಒಂದು ಕುರ್ಚಿ

ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವಳು ನಾನು. ಬರೆಯಲು ಕೂತರೆ ಅಕ್ಷರಗಳು ಒಂದರ ಮೈಮೇಲೆ ಒಂದು ಬೀಳುತ್ತವೆ. ಆದರೂ ಬರೆಯದೆ ಇರಲಾರೆ. ನನ್ನ ಮೊಮ್ಮಗಳು ಪಲ್ಲವಿ ತನ್ನ ಮೊದಲ ಸಂಬಳದಲ್ಲಿ ಮನೆಗೆ ಸ್ಟಿರಿಯೊ ತಂದಿದ್ದಾಳೆ! ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಹೇಳಿದ್ದಾಯಿತು, ದಿಲ್‌ಸುಖ್‌ನಗರದ ತರಕಾರಿ ಗಾಡಿಯವನಿಗೆ ನನ್ನ ಹರಕು ತೆಲುಗಿನಲ್ಲಿ ಎರಡು ಸಲ ಹೇಳಿದ್ದಾಯಿತು. ಇನ್ನು ಉಳಿದವರು ನೀವೇ.

ಹೇಳುವುದಕ್ಕೆ ಮುಂಚೆ ಒಂದು ತಪ್ಪೊಪ್ಪಿಗೆ. ನಮ್ಮ ಹಾಲ್‌ನ ಮೂಲೆಯಲ್ಲಿ ಒಂದು ಬೆತ್ತದ ಕುರ್ಚಿ ಇದೆ. ಅಲ್ಲಿ ಕೂತರೆ ಮುಂಬಾಗಿಲು, ಅಡುಗೆಮನೆ, ಎದುರು ಬಾಲ್ಕನಿಯ ಜಗಳ ಮೂರೂ ಕಾಣುತ್ತವೆ. ಎರಡು ವರ್ಷದ ಹಿಂದೆ ಮೊಣಕಾಲು ಹಿಡಿದುಕೊಂಡಾಗ ಅದು ನನ್ನದಾಯಿತು. ನೋವು ಹದಿನೈದೇ ದಿನಕ್ಕೆ ಹೋಯಿತು. ಕುರ್ಚಿ ಬಿಡಲು ಮನಸ್ಸಾಗಲಿಲ್ಲ. ನೆಲದ ಮೇಲೆ ಕೂತು ಸೊಪ್ಪು ಬಿಡಿಸುವ ಕೆಲಸ ಅಷ್ಟರಲ್ಲಿ ಸೊಸೆ ಸುಜಾತಾಳ ಪಾಲಿಗೆ ಹೋಗಿತ್ತು. ಏಳುವಾಗ ಒಮ್ಮೆ, ಕೂರುವಾಗ ಒಮ್ಮೆ “ಅಯ್ಯಯ್ಯೋ” ಎನ್ನುವುದಷ್ಟೇ ನನ್ನ ಪಾಲಿನ ಕೆಲಸ.

ಸ್ಟಿರಿಯೊದಲ್ಲಿ ಹಾಡುವ ಪೆಟ್ಟಿಗೆ ಬೇರೆ, ಸಬ್‌ವೂಫರ್ ಬೇರೆಯಂತೆ. ಈ ಸಬ್‌ವೂಫರ್ ಡಬ್ಬಿಗೆ ಹಾಡಲು ಬರುವುದಿಲ್ಲ. ಡೊಳ್ಳಿನಂಥ ದಪ್ಪ ದನಿಯನ್ನಷ್ಟೇ ಗುಮ್ಮೆನಿಸುತ್ತದೆ. ಒಂದು ಸಾಕೋ, ಎರಡು ಬೇಕೋ ಎಂದು ಪಲ್ಲವಿಗೆ ವಾರವೆಲ್ಲ ಚಿಂತೆ.

“ಒಂದ ಸಾಕವ್ವಾ,” ಅಂದರು ನಮ್ಮ ಯಜಮಾನರು. “ಎರಡನೇದು ಯಾಕ? ಮನ್ಯಾಗ ನಿಮ್ಮಜ್ಜಿ ಇದ್ದಾಳಲ್ಲ.”

ನೋಡೋಣವೆಂದು ಪಲ್ಲವಿ ಗೆಳತಿಯ ಮನೆಯಿಂದ ಒಂದನ್ನು ಕೇಳಿ ತಂದಳು. ತಂದು ಎಲ್ಲಿಟ್ಟಳು ಅಂತೀರಿ? ಸೋಫಾದ ಮೇಲೆ! ಕಪ್ಪು ಡಬ್ಬಿ ಬೀಗರ ಹಾಗೆ ಕೂತಿದೆ. ಸಂಬಳ ತರುವ ಮೊಮ್ಮಗಳು ನೆಲದ ಮೇಲೆ ಅಂಬೆಗಾಲಿಡುತ್ತಿದ್ದಾಳೆ.

“ಏನಾತ ಪಲ್ಲೂ, ಏನರ ಬಿತ್ತೇನು?”

“ಡಬ್ಬಿಗೆ ಜಾಗಾ ಹುಡಕಾಕತ್ತೀನಿ ಅಜ್ಜಿ. ನಾವು ಕುಂದರೋ ಕಡೆ ಅದನ್ನ ಇಟ್ಟು, ನಾವು ನೆಲದ ಮ್ಯಾಲ ತಿರಗಬೇಕು. ದನಿ ಎಲ್ಲಿ ಚಲೋ ಕೇಳತೈತಿ, ಅಲ್ಲೇ ಅದರ ಜಾಗಾ.”

ಗುಮ್ ಗುಮ್ ಎನ್ನುತ್ತಿತ್ತು. ಅವಳು ಕಿವಿ ನೆಟ್ಟಗೆ ಮಾಡಿಕೊಂಡು ಗೋಡೆಗುಂಟ ಬಂದು, ನನ್ನ ಕುರ್ಚಿಯ ಕಾಲಿನ ಹತ್ತಿರ ನಿಂತುಬಿಟ್ಟಳು. “ಸಿಕ್ತು! ಒಂದ ತಂದ್ರ ಇಲ್ಲೇ ಇಡಬೇಕು. ಅಜ್ಜಿ, ನಿನ್ನ ಕುರ್ಚಿ ತಗೀಬೇಕಾಗತೈತಿ.”

ಕುರ್ಚಿಯ ತೋಳು ಗಟ್ಟಿಯಾಗಿ ಹಿಡಿದುಕೊಂಡೆ. “ಮತ್ತ ಎರಡು ತಂದ್ರ?” ಎಂದೆ.

“ಎದರಾಬದರಾ ಗ್ವಾಡಿಗೆ ಒಂದೊಂದು. ಎಲ್ಲಿ ಕುಂತರೂ ಒಂದ ಸವನ ಕೇಳತೈತಿ.”

“ಹಂಗಾರ ಎರಡು ತಾ!”

“ಒಂದಕ್ಕ ಪಾತ್ರಿ ನಡಗಾಕತ್ತಾವ,” ಎಂದಳು ಸುಜಾತಾ ಅಡುಗೆಮನೆಯಿಂದ ಬಂದು. “ಕುರ್ಚಿ ಬಾಲ್ಕನ್ಯಾಗ ಇಡೂಣು ಬಿಡ್ರಿ ಅತ್ತಿಯವರ. ಗಾಳಿ ಬರತೈತಿ.”

ಬಾಲ್ಕನಿ! ಒಗೆದ ಬಟ್ಟೆಗಳ ನಡುವೆ ನಾನು! “ಈ ಮೂಲ್ಯಾಗ ಏನೂ ಚಲೋ ಕೇಳೂದಿಲ್ಲ, ಬ್ಯಾರೆ ಕಡೆ ನೋಡ್ರಿ” ಎಂದೆ. ಯಾರೂ ನಂಬಲಿಲ್ಲ. ತೋರಿಸಿಯೇ ಬಿಡಬೇಕೆಂದು ಸೆರಗು ಸಿಕ್ಕಿಸಿ ನೆಲಕ್ಕಿಳಿದೆ. ಶೋಕೇಸಿನ ಬುಡಕ್ಕೆ ಹೋದೆ, ಬಾಗಿಲ ಹಿಂದೆ ತೂರಿದೆ, ಊಟದ ಟೇಬಲ್ಲಿನ ಕೆಳಗೆ ಈ ಕಡೆಯಿಂದ ಹೊಕ್ಕು ಆ ಕಡೆ ಹೊರಬಿದ್ದೆ. “ಇಲ್ಲಿ ಬಾ ಪಲ್ಲೂ, ಚಪ್ಪಲಿ ಸ್ಟ್ಯಾಂಡಿನ ಹಂತೇಕ ಕೇಳ, ಏನ ಮಸ್ತ್ ಗುಮ್ಮಂತೈತಿ!”

ಗುಮ್ಮೆನ್ನುವುದು ನಿಂತಿತು. ಪಲ್ಲವಿ ಬಂದ್ ಮಾಡಿದ್ದಳು. ತಲೆ ಎತ್ತಿದರೆ ಪಲ್ಲವಿ, ಸುಜಾತಾ, ಯಜಮಾನರು ಮೂವರೂ ನನ್ನನ್ನೇ ನೋಡುತ್ತಿದ್ದಾರೆ.

“ಅತ್ತಿಯವರ,” ಎಂದಳು ಸುಜಾತಾ ಬಹಳ ಮೆಲ್ಲಗೆ, “ಮೊಣಕಾಲು?”

“ಅಯ್ಯಯ್ಯೋ” ಎಂದೆ. ತಡವಾಗಿತ್ತು.

ನನ್ನ ಬಂಗಾರದಂಥ ಮೊಮ್ಮಗಳು ನಾನು ಕೇಳಿದಂತೆ ಎರಡು ಡಬ್ಬಿ ತಂದಳು. ಕುರ್ಚಿ ಮೂಲೆ ಬಿಟ್ಟು ಒಂದು ಗೇಣೂ ಸರಿಯಲಿಲ್ಲ. ಈಗ ಅದರಲ್ಲಿ ಯಜಮಾನರು ಕೂತು ತಾಳ ಹಾಕುತ್ತಾರೆ. ನಾನು ನೆಲದ ಮೇಲೆ ಮೆಂತ್ಯದ ಸೊಪ್ಪು ಬಿಡಿಸುತ್ತಾ ಕೂತಿರುತ್ತೇನೆ. ಪಲ್ಲವಿ ಹೇಳಿದ್ದು ಸುಳ್ಳಲ್ಲ, ಎಲ್ಲಿ ಕೂತರೂ ಒಂದೇ ಸಮ ಕೇಳುತ್ತದೆ.