ಕೆಡವುವ ಸ್ಟೇಷನ್ನಿಗೆ ಬಂದ ನೆಂಟರು

ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವವನು ನಗುವುದಕ್ಕೆ ಬೇರೆಲ್ಲೂ ಹೋಗಬೇಕಿಲ್ಲ. ಕಿಟಕಿ ತೆರೆದರೆ ಸಾಕು, ಒಂದಲ್ಲ ಒಂದು ನಡೆಯುತ್ತಲೇ ಇರುತ್ತದೆ. ರಾಮನಗರಕ್ಕೂ ಚನ್ನಪಟ್ಟಣಕ್ಕೂ ನಡುವೆ, ಕಲ್ಲಿನ ಗೋಡೆ, ಹೆಂಚಿನ ಸೂರು, ಮಹಾರಾಜರ ಕಾಲದ ಪುಟ್ಟ ಸ್ಟೇಷನ್ನು ನಮ್ಮದು. ಹದಿನೆಂಟು ವರ್ಷ ನಾನಲ್ಲಿ ಬುಕಿಂಗ್ ಕ್ಲರ್ಕ್. ಅಷ್ಟೂ ವರ್ಷ ಅದನ್ನು ಯಾರೂ ಕತ್ತೆತ್ತಿ ನೋಡಿರಲಿಲ್ಲ. ಸುತ್ತ ಫ್ಯಾಕ್ಟರಿಗಳೆದ್ದವು, ಜೋಡಿ ಹಳಿ ಬರುತ್ತದಂತೆ, ಹಳೇದನ್ನು ಕೆಡವಿ ಶೀಟಿನ ಕಟ್ಟಡ ಹಾಕುತ್ತಾರಂತೆ ಅಂತ ಸುದ್ದಿ ಹಬ್ಬಿತು ನೋಡಿ, ನೋಡುವವರ ದಂಡೇ ಬಂತು. ನನಗಂತೂ ಬಹಳ ಸಂಕಟ. ಹೇಗಾದರೂ ಕಟ್ಟಡ ಉಳಿಯಲಿ ಅಂತ ನನಗೂ, ಹಳಿ ಬದಲಿಸಿ ಬಾವುಟ ತೋರಿಸುವ ನಮ್ಮ ಪಾಯಿಂಟ್ಸ್‌ಮನ್ನಿಗೂ ಒಂದೇ ಆಸೆ.

ಬಗ್ಗಿಸುವ ಕಿಟಕಿ

ಮೊದಲು ಬಂದಿದ್ದು ಆರ್ಕಿಟೆಕ್ಚರ್ ಓದುವ ಹುಡುಗಿ, ಕೈಲಿ ಟೇಪು. ನನ್ನ ಟಿಕೆಟ್ ಕಿಟಕಿ ಇರುವುದು ಸೊಂಟದ ಮಟ್ಟಕ್ಕೆ. ಟಿಕೆಟ್ ಬೇಕಾದವರು ನಡು ಬಗ್ಗಿಸಲೇಬೇಕು. ಅದನ್ನು ಅಳೆದು, "ಸಾರ್, ನಮ್ಮವರು ತಲೆ ಬಾಗಲಿ ಅಂತಲೇ ಬ್ರಿಟಿಷರು ಹೀಗೆ ಕಟ್ಟಿದಾರೆ" ಅಂದಳು. ಎರಡು ಪುಟ ಬರೆದೂ ಆಗಿತ್ತು.

ಪಾಯಿಂಟ್ಸ್‌ಮನ್ ಬಾವುಟ ಸುತ್ತುತ್ತಾ, "ಹಂಗಲ್ಲ ಕಣವ್ವ. ಮಳೆ ನೀರು ನುಗ್ತದೆ ಅಂತ ನಮ್ಮೋರೇ ಮೂರು ಸಲ ನೆಲ ಎತ್ತರ ಮಾಡುದ್ರು. ಕಿಟಕಿ ಇದ್ದಲ್ಲೇ ಐತೆ" ಅಂದ.

ಹುಡುಗಿ ಪುಸ್ತಕ ಮುಚ್ಚಿದಳು. "ಸಾರ್, ಇದನ್ನ ಯಾರಿಗೂ ಹೇಳ್ಬೇಡಿ. ನಾಳೇನೇ ಕಾಲೇಜಿಗೆ ಕೊಡ್ಬೇಕು."

ಯಾರಿಗೆ ಕಟ್ಟಿದ್ದು?

ಆಮೇಲೆ ರೈಲ್ವೆ ಎಂಜಿನಿಯರು ಬಂದರು. ಆಚೆ ಕಡೆ ಅವರೇ ಕಟ್ಟಿಸಿದ ಎರಡನೇ ಪ್ಲಾಟ್‌ಫಾರ್ಮು ಉದ್ದಕ್ಕೆ ಮಲಗಿತ್ತು, ಸೂರಿಲ್ಲ, ಗಿಡವಿಲ್ಲ. ಜನ ಮಾತ್ರ ಈಚೆ ಹಳೇ ಸೂರಿನಡಿ ಕೂತಿದ್ದು, ರೈಲು ಕಂಡ ಮೇಲೆ ಅಲ್ಲಿಗೆ ಓಡುತ್ತಿದ್ದರು. ರೇಷ್ಮೆಗೂಡಿನ ಚೀಲ ಇಟ್ಟುಕೊಂಡಿದ್ದ ವಿರೂಪಾಕ್ಷಿಪುರದ ಕಡೆಯ ಗೌಡರನ್ನು ಅವರು ಗದರಿದರು: "ಅಲ್ಲಿ ಹೋಗಿ ನಿಂತ್ಕೊಳ್ಳೋಕೆ ಏನ್ರೀ ಕಷ್ಟ?"

"ಆ ಬಿಸಿಲಲ್ಲಿ ಗೂಡು ಬೆಂದೋಯ್ತವೆ ಸ್ವಾಮಿ. ಅದನ್ನ ಯಾರಿಗೆ ಕಟ್ಸಿರೋದು?"

"ನಿಮಗೇ!"

"ನಮ್ಗಾ? ನಾನು ರೈಲಿಗೆ ಅಂದ್ಕಂಡಿದ್ದೆ."

ಎಂಜಿನಿಯರಿಗೆ ರೇಗಿಹೋಯಿತು. ಸರಸರನೆ ಬಂದು ಹಳೇ ಸೂರಿನ ನೆರಳಲ್ಲಿ ಕೂತು, ಬೆವರೊರೆಸಿಕೊಂಡು, ಆ ಸೂರನ್ನು ಯಾಕೆ ಕೆಡವಬೇಕು ಅನ್ನುವ ವರದಿ ಬರೆದರು.

ಐದು ಗುಂಡು

ಕೊನೆಗೆ, ಉಳಿಸುವುದೋ ಕೆಡವುವುದೋ ತೀರ್ಮಾನ ಮಾಡಲು ಕಮಿಟಿಯೊಂದು ಬರುತ್ತದೆ ಅಂತಾಯಿತು. ನಮ್ಮ ಸೂರಿನ ಅಂಚಿಗೆ ಬುಗುರಿಯಂಥ ಹನ್ನೆರಡು ಮರದ ಗುಂಡು ಇಳಿಬಿಟ್ಟಿದ್ದರು. ಅದರಲ್ಲಿ ಐದು ಯಾವತ್ತೋ ಉದುರಿದ್ದವು. "ಹಲ್ಲುದುರಿದ ಬಾಯಂಗೈತೆ ಸಾ, ದೊಡ್ಡೋರು ಬತ್ತಾವ್ರೆ" ಅಂತ ಪಾಯಿಂಟ್ಸ್‌ಮನ್, ಚನ್ನಪಟ್ಟಣದಲ್ಲಿ ಬೊಂಬೆ ಮಾಡುವ ತನ್ನ ಭಾವಮೈದನಿಗೆ ಹೇಳಿ ಐದು ಗುಂಡು ಕಡೆಸಿದ. ಕಮಿಟಿ ಬರುವ ದಿನ ಬೆಳಿಗ್ಗೆ ಭಾವಮೈದನೇ ಬಂದು ಸಿಕ್ಕಿಸಿದ. ನೋಡುತ್ತೇನೆ, ಅರಗಿನ ಬಣ್ಣದಲ್ಲಿ ಕೆಂಪು, ಹಳದಿ, ಹಸಿರು ಪಟ್ಟೆ!

"ಇದೇನಯ್ಯಾ ಮಾಡಿದ್ದು?"

"ಬಣ್ಣ ಹಾಕ್ದೆ ಕೊಟ್ರೆ ಕೈಗೆ ಸಮಾಧಾನ ಆಗಕಿಲ್ಲ ಸಾ."

ಕೀಳಿಸೋಣ ಅನ್ನುವಷ್ಟರಲ್ಲಿ ಕಮಿಟಿಯ ಕಾರು ಬಂದೇಬಿಟ್ಟಿತು. ಮುಗಿಯಿತು ಕಥೆ ಅಂದುಕೊಂಡೆ. ಹಿರಿಯ ತಜ್ಞರು ಮೇಲೆ ನೋಡಿದರು, ಕನ್ನಡಕ ಒರೆಸಿ ಮತ್ತೆ ನೋಡಿದರು.

"ಅಸಲಿ ಅಂದರೆ ಈ ಐದು! ನೂರು ವರ್ಷವಾದರೂ ಹೊಳಪು ಮಾಸಿಲ್ಲ. ಈಗ ಇಂಥ ಕೈ ಎಲ್ಲಿ ಸಿಗುತ್ತೆ?"

ಆ ಕೈ ಪಕ್ಕದಲ್ಲೇ ಅವರಿಗೆ ಎಳನೀರು ಹಿಡಿದು ನಿಂತಿತ್ತು. "ಸ್ವಾಮಿ, ಅದನ್ನ ನಾನು ಮೊನ್ನೆ..." ಅಂತ ಶುರುಮಾಡಿದ. ನಾನು ಕಾಲು ತುಳಿದೆ. "...ಮೊನ್ನೆ ನೋಡ್ದೆ. ಚೆಂದಾಗೈತೆ" ಅಂದ.

"ಆ ಮಂಕಾದ ಏಳು ಇವೆಯಲ್ಲ, ಅವು ಯಾರೋ ಕಂಟ್ರಾಕ್ಟರ್ ಈಚೆಗೆ ತುರುಕಿದ ನಕಲಿ" ಅಂತ ತಜ್ಞರು ಬರೆದುಕೊಂಡರು.

ತಿಂಗಳಾದ ಮೇಲೆ ಆರ್ಡರ್ ಬಂತು: ಕಟ್ಟಡ ಉಳಿಸತಕ್ಕದ್ದು. ನನ್ನ ಕಣ್ಣಲ್ಲಿ ನೀರೇ ಬಂತು. ಕೆಳಗೊಂದು ಷರತ್ತಿತ್ತು: ಏಳು ನಕಲಿ ಗುಂಡು ತಕ್ಷಣ ತೆಗೆದು, ಅಸಲಿಯ ಮಾದರಿಯಲ್ಲೇ ಹೊಸದು ಹಾಕತಕ್ಕದ್ದು.

ಭಾವಮೈದ ಮತ್ತೆ ಏಣಿ ಹತ್ತಿದ. ಮಹಾರಾಜರ ಕಾಲದ ಗುಂಡೊಂದನ್ನು ಬಿಚ್ಚಿ, ಹಳೇ ಪೇಂಟು ಕೆರೆದು, ತಿರುಗಿಸಿ ತಿರುಗಿಸಿ ನೋಡಿ ನನ್ನ ಕೈಗಿಟ್ಟ.

"ಈ ನಕಲಿ ಮಾಡ್ದೋನ ಮುಂದೆ ನಮ್ಮಂಥ ಅಸಲಿಗಳು ಏನೂ ಅಲ್ಲ ಬುಡಿ ಸಾ."