ಲಿಸೆಪಾಳ ಮೂರನೇ ಕಲ್ಲು

ಬೆಳಗಿನ ಅಲೆ ಲಿಸೆಪಾಳ ಗೋರಿಯ ಎರಡನೇ ಕಲ್ಲನ್ನೂ ಎಳೆದುಕೊಂಡು ಹೋಗಿತ್ತು. ಟೆಫೊಟೊ ಇದ್ದ ಒಂದೇ ಒಳ್ಳೆಯ ಅಂಗಿ ತೊಟ್ಟು ದ್ವೀಪದ ಹಿರಿಯರ ಸಭೆಗೆ ಹೊರಟ. ಮನೆಯ ಹಿಂದೆ ಮಣ್ಣಲ್ಲಿ ಮಲಗಿದ್ದ ಹೆಂಡತಿ ಲಿಸೆಪಾಳನ್ನು ಅಲೆ ಮುಟ್ಟದ ಚರ್ಚಿನ ಅಂಗಳಕ್ಕೆ ಸಾಗಿಸಲು ಒಂದಾಳುದ್ದ ಜಾಗ ಬೇಕಿತ್ತು, ಅಷ್ಟೇ.

ಪಕ್ಕದ ಮನೆಯ ಸೆಲುಕಾ ಮೇಷ್ಟ್ರು ಸುಮ್ಮನಿರಬೇಕಲ್ಲ! “ಬರಿಗೈಲಿ ಹೋಗ್ತೀಯೇನಯ್ಯಾ? ತಗೋ, ನಮ್ಮ ಟುವಾಲು ಸಂವಿಧಾನ. ಹೋದ ತಕ್ಷಣ ಹೆಂಡ್ತಿ ಅಂತ ಅಳ್ಬೇಡ. ಮೊದ್ಲು ಈ ಪುಟ ಓದು, ಆಮೇಲೆ ಕೇಳಿದ್ದು ಕೊಡ್ತಾರೆ.”

ಆ ಪುಟವನ್ನೇ ಬಾಯಿಪಾಠ ಮಾಡುತ್ತ ಹೋದ ಟೆಫೊಟೊ, ಸಭೆಯಲ್ಲಿ ಸಿಕ್ಕಿದ ಕಂಬಕ್ಕೆ ಒರಗಿ ಕೂತುಬಿಟ್ಟ. ಅದು ಹಿರಿಯ ಇಯೊಪುವಿನ ಕಂಬ. ಅವನ ಅಪ್ಪ, ಅಜ್ಜ ಒರಗಿದ್ದ ಕಂಬ.

“ಏಳೋ! ಯಾವಾಗಿಂದ ಹಿರಿಯನಾದೆ?” ಇಯೊಪು ಗದರಿದ.

ಗಡಬಡಿಸಿ ಎದ್ದಾಗ ಅಂಗಿಯ ಗುಂಡಿ ಹಾರಿ ಬೇಯಿಸಿದ ಗೆಡ್ಡೆಯ ಬುಟ್ಟಿಗೆ ಬಿತ್ತು. ಹೆಂಗಸರು ಕಿಸಕ್ಕೆಂದರು.

“ಮಾತಾಡೋ ಹಕ್ಕು ಎಲ್ರಿಗೂ ಇದೆ ಅಂತ ಇದ್ರಲ್ಲಿ ಬರ್ದಿದೆ, ಅಜ್ಜ.”

“ಇದೆಯಪ್ಪಾ. ಊರಿನ ಪದ್ಧತಿಗೆ ಮರ್ಯಾದೆ ಕೊಡ್ಬೇಕು ಅಂತ್ಲೂ ಬರ್ದಿದೆ. ಬಾಗಿಲ ಹತ್ರ ಹೋಗಿ ಮಾತಾಡು.”

ಬಾಗಿಲ ಬಳಿಯಿಂದ ಟೆಫೊಟೊ ಓದಿದ. ಕಡಲು ಏರಿ ನೆಲ ಹೋದರೂ ಟುವಾಲು ಎಂದೆಂದಿಗೂ ದೇಶವೇ; ಅದರ ಗಡಿ ಎಂದಿಗೂ ಬದಲಾಗದು! ಸಭೆ ಚಾಪೆ ಬಡಿದು ಮೆಚ್ಚಿತು. ಒಬ್ಬ ಮುದುಕಿ ಕಣ್ಣೊರೆಸಿಕೊಂಡಳು. ಜೀವಮಾನದಲ್ಲಿ ಯಾರೂ ಅವನ ಮಾತು ಕೇಳಿರಲಿಲ್ಲ. ಹುರುಪಿನಿಂದ ಇನ್ನೆರಡು ಸಲ ಓದಿದ. ಕೊನೆಗೆ ಮೆಲ್ಲಗೆ ಲಿಸೆಪಾಳ ವಿಷಯ ತೆಗೆದ.

ಸಭೆ ತಣ್ಣಗಾಯಿತು. ಚರ್ಚಿನ ಅಂಗಳದಲ್ಲಿ ಎಲ್ಲರೂ ತಮ್ಮ ತಮ್ಮವರಿಗೆ ಜಾಗ ನೋಡಿಟ್ಟುಕೊಂಡಿದ್ದರು.

“ನೀನೇ ಓದಿದ್ಯಲ್ಲಪ್ಪಾ,” ಎಂದ ಇಯೊಪು. “ನೀರು ಬಂದ್ರೂ ಅದು ನಮ್ಮ ನೆಲಾನೇ. ಲಿಸೆಪಾನ ಎಬ್ಬಿಸಿದ್ರೆ ನಾವು ಸೋತ್ವಿ ಅಂತ ಕಡಲಿಗೆ ಬರ್ಕೊಟ್ಟ ಹಾಗೆ. ಅವಳು ಅಲ್ಲೇ ಇರ್ಲಿ.”

ಎಲ್ಲರಿಗಿಂತ ಮೊದಲು ಚಾಪೆ ಬಡಿದವರು ಸೆಲುಕಾ ಮೇಷ್ಟ್ರು.

ಸಂಜೆ ಟೆಫೊಟೊ ಗೋರಿಯ ಪಕ್ಕ ಕೂತ. ಅವನಿಗೆ ದುಃಖ ತಡೆಯಲಾಗಲಿಲ್ಲ. “ನೀನು ಎಲ್ಲಿಗೂ ಹೋಗಲ್ವಂತೆ ಕಣೇ,” ಎಂದ. “ಬರ್ದಿಟ್ಟಿದಾರೆ.”

ನೀರು ಮೊಣಕಾಲಿಗೆ ಬಂತು. ಅಲ್ಲಾಡುತ್ತಿದ್ದ ಮೂರನೇ ಕಲ್ಲಿಗೆ ಎರಡೂ ಪಾದ ಒತ್ತಿ ಹಿಡಿದು, ಗುಂಡಿಯಿಲ್ಲದ ಅಂಗಿಯಲ್ಲೇ ಕೂತಿದ್ದ.